ಲಂಡಿ ದ್ವೀಪದ ಕಾಡುಕೋಸು

ಒಗ್ಗರಣೆಯ ಸೌಟಿನಲ್ಲಿ ಚಟಪಟನೆ ಸಿಡಿಯುವ ಸಾಸಿವೆಯನ್ನು ಅರಿಯದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಆದರೆ ಅಷ್ಟು ಸಣ್ಣ ಕಾಳಿನ ಹಿಂದೆ ಎಷ್ಟು ದೊಡ್ಡ ಬಳಗವಿದೆಯೆಂಬುದನ್ನು ನಾವು ಯೋಚಿಸುವುದು ಅಪರೂಪ. ಮೂಲಂಗಿ, ಎಲೆಕೋಸು, ಹೂಕೋಸು, ನವಿಲುಕೋಸುಗಳು ಆ ಬಳಗಕ್ಕೇ ಸೇರಿದವು. ಬಾಣಂತಿಯರಿಗೆ ನಮ್ಮ ಹಿರಿಯರು ತಪ್ಪದೆ ಮಾಡಿಕೊಡುವ ಅಳವಿಯೂ ಅದೇ ಮನೆತನದ ಕುಡಿ. ಎದುರುಬದುರಾಗಿ ಅರಳಿದ ನಾಲ್ಕೇ ಎಸಳು, ನಡುವೆ ನಾಲ್ಕು ಉದ್ದನೆಯ ಕೇಸರ, ಎರಡು ಗಿಡ್ಡ ಕೇಸರ: ಈ ಲಕ್ಷಣ ಕಂಡರೆ ಸಾಕು, ಇದು ಸಾಸಿವೆಯ ಸಂಬಂಧಿ ಎಂದು ಹೇಳಿಬಿಡಬಹುದು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು ಈ ಹೂವಿನ ಚಿತ್ರವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ.

ಮನುಷ್ಯರ ಮನೆತನಗಳಂತೆಯೇ ಈ ಬಳಗದಲ್ಲಿಯೂ ಜಗತ್ತನ್ನೆಲ್ಲ ಸುತ್ತಿದವರಿದ್ದಾರೆ, ಹುಟ್ಟಿದ ಊರು ಬಿಟ್ಟು ಒಂದು ಹೆಜ್ಜೆ ಹೊರಗಿಡದವರೂ ಇದ್ದಾರೆ. ಸಾಸಿವೆ, ಎಲೆಕೋಸುಗಳು ಮೊದಲನೆಯ ಬಗೆಯವು. ಎರಡನೆಯ ಬಗೆಗೆ ಇಂಗ್ಲೆಂಡಿನ ಲಂಡಿ ಎಂಬ ಪುಟ್ಟ ದ್ವೀಪದ ಕಾಡುಕೋಸಿಗಿಂತ ಉತ್ತಮ ಉದಾಹರಣೆ ದೊರೆಯದು. ಹೆಸರಿಗೆ ಕೋಸು, ನೋಡಲು ನಮ್ಮ ಸಾಸಿವೆ ಗಿಡದ ಒರಟು ಸೋದರಿ. ಇಡೀ ಭೂಮಂಡಲದಲ್ಲಿ ಅದು ತಾನಾಗಿ ಬೆಳೆಯುವುದು ಆ ಒಂದೇ ದ್ವೀಪದಲ್ಲಿ. ಅಲ್ಲಿಯೂ ಮೂಡಣ ಮಗ್ಗುಲಿನ ಕಡಿದಾದ ಇಳಿಜಾರಿನಲ್ಲಿ. ಈ ಗಿಡವನ್ನು ಕಣ್ಣಾರೆ ಕಾಣುವ ಅವಕಾಶ ನನಗೆ 2023ರ ಜೂನ್ ತಿಂಗಳಿನಲ್ಲಿ ಒದಗಿತು. ಹೂವನ್ನು ನೋಡಿ ಸಂತೋಷಪಡಲೆಂದು ಹೋದವನು ನಮ್ಮ ಊರ ಹಳ್ಳದ ದಂಡೆಯ ಚಿಂತೆಯನ್ನು ತಲೆಯಲ್ಲಿ ಹೊತ್ತು ತಂದೆ. ಆ ಎರಡಕ್ಕೂ ಏನು ಸಂಬಂಧವೆಂಬುದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಕಡಲ ದಾರಿ

ನಮ್ಮ ಮಗಳು, ಅಳಿಯಂದಿರು ಹಲವು ವರ್ಷಗಳಿಂದ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನೆಲೆಸಿದ್ದಾರೆ. ಆ ಬೇಸಿಗೆಯನ್ನು ಅವರೊಡನೆ ಕಳೆಯಲೆಂದು ನಾನೂ ನನ್ನ ಶ್ರೀಮತಿಯೂ ಧಾರವಾಡದಿಂದ ಹೋಗಿದ್ದೆವು. ಒಂಬತ್ತು ವರ್ಷದ ಮೊಮ್ಮಗಳಿಗೆ ಪಫಿನ್ ಎಂಬ ಕಡಲಹಕ್ಕಿಯ ಹುಚ್ಚು. ಕಪ್ಪು ಬಿಳುಪು ಮೈ, ಬಣ್ಣ ಬಳಿದಂತಹ ಅಗಲವಾದ ಕೊಕ್ಕು, ಮುಖದಲ್ಲಿ ಏನೋ ಚಿಂತೆಯ ಕಳೆ. ಇಂತಹ ಹಕ್ಕಿಗೆ ಮಕ್ಕಳು ಮರುಳಾಗುವುದು ಸಹಜವೇ. “ಅಜ್ಜಾ, ಲಂಡಿಗೆ ಹೋಗಿ ಪಫಿನ್ ನೋಡೂಣು” ಎಂದು ಅವಳು ಬೆನ್ನು ಹತ್ತಿದಳು. ಅವಳಿಗೆ ಹಕ್ಕಿ, ನನಗೆ ಹೂವು. ಇಬ್ಬರ ಆಸೆಯೂ ಒಂದೇ ದ್ವೀಪದಲ್ಲಿ ಕೈಗೂಡುವಂತಿದ್ದುದರಿಂದ ಅಳಿಯಂದಿರು ಹಡಗಿನ ಟಿಕೆಟ್ ಕಾಯ್ದಿರಿಸಿಯೇ ಬಿಟ್ಟರು.

ಬೆಳಗಿನ ಜಾವದಲ್ಲಿ ಕಾರಿನಲ್ಲಿ ಹೊರಟು ಡೆವನ್ ಪ್ರಾಂತದ ಬಿಡೆಫರ್ಡ್ ಎಂಬ ಹಳೆಯ ರೇವುಪಟ್ಟಣವನ್ನು ತಲಪಿದೆವು. ಟಾರಿಜ್ ನದಿಗೆ ಅಲ್ಲಿ ಪುರಾತನವಾದ ಕಲ್ಲುಸೇತುವೆಯೊಂದಿದೆ. ಅದರ ಇಪ್ಪತ್ತನಾಲ್ಕು ಕಮಾನುಗಳಲ್ಲಿ ಒಂದರಂತೆ ಇನ್ನೊಂದು ಇಲ್ಲ. ಆ ಕರಾವಳಿಯಲ್ಲಿ ಸಮುದ್ರದ ಉಬ್ಬರವಿಳಿತಗಳು ಬಹಳ ದೊಡ್ಡವು. ಇಳಿತದ ವೇಳೆಯಲ್ಲಿ ನದಿಯಲ್ಲಿ ಹಡಗು ತೇಲುವಷ್ಟು ನೀರು ಉಳಿಯುವುದಿಲ್ಲ. ಆದ್ದರಿಂದ ಅಲ್ಲಿಂದ ಹಡಗು ಹೊರಡುವ ಹೊತ್ತು ದಿನದಿಂದ ದಿನಕ್ಕೆ ಬದಲಾಗುತ್ತದೆ. ವೇಳಾಪಟ್ಟಿ ಬರೆಯುವ ಗುಮಾಸ್ತ ಅಲ್ಲಿ ಸಮುದ್ರರಾಜನೇ ಎನ್ನಬೇಕು.

ನಮ್ಮನ್ನು ಹೊತ್ತ ಹಡಗಿನ ಹೆಸರು ‘ಓಲ್ಡನ್‌ಬರ್ಗ್’. 1958ರಲ್ಲಿ ಜರ್ಮನಿಯಲ್ಲಿ ಕಟ್ಟಿದ್ದು. ಹಾಲಿನ ಕ್ಯಾನು, ಕಾಯಿಪಲ್ಯ, ಅಂಚೆಚೀಲಗಳಿಂದ ಹಿಡಿದು ನಮ್ಮಂತಹ ಪ್ರವಾಸಿಗರವರೆಗೆ ಎಲ್ಲವನ್ನೂ ಅದು ದ್ವೀಪಕ್ಕೆ ಸಾಗಿಸುತ್ತದೆ. ನದಿಯ ಮುಖವನ್ನು ದಾಟುತ್ತಲೇ ಅಲೆಗಳ ತೂಗಾಟ ಆರಂಭವಾಯಿತು. ನನ್ನ ಶ್ರೀಮತಿ ಸೆರಗಿನ ಗಂಟಿನಿಂದ ಉಪ್ಪು ಹಚ್ಚಿದ ನಿಂಬೆಯ ಹೋಳು ತೆಗೆದು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕುಳಿತುಬಿಟ್ಟಳು. ಪಕ್ಕದಲ್ಲಿದ್ದ ಇಂಗ್ಲಿಷ್ ಮುದುಕಿಯೊಬ್ಬರು ಏನಿದೆಂದು ಸನ್ನೆಯಿಂದಲೇ ಕೇಳಿದಾಗ ಅವರಿಗೂ ಒಂದು ಹೋಳು ಸಂದಿತು. ಎರಡು ಗಂಟೆಯ ಆ ಪಯಣ ಮುಗಿಯುವುದರೊಳಗೆ ಭಾಷೆ ಬಾರದ ಇವರಿಬ್ಬರೂ ಗೆಳತಿಯರಾಗಿದ್ದರು.

ಡೆವನ್ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಬ್ರಿಸ್ಟಲ್ ಕಡಲ್ಗಾಲುವೆಯು ಅಟ್ಲಾಂಟಿಕ್ ಸಾಗರವನ್ನು ಕೂಡುವಲ್ಲಿ ಲಂಡಿ ದ್ವೀಪ ನಿಂತಿದೆ. ಉದ್ದ ಐದು ಕಿಲೋಮೀಟರ್. ಅಗಲ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಬಹುಭಾಗ ಗಟ್ಟಿಯಾದ ಗ್ರಾನೈಟ್ ಕಲ್ಲು. ಎತ್ತರವಾದ ಜಗಲಿಯೊಂದನ್ನು ಯಾರೋ ಕಡಲಿನ ನಡುವೆ ಇಟ್ಟು ಹೋದಂತೆ ದೂರದಿಂದ ಅದು ಕಾಣುತ್ತದೆ. ಹಿಂದೆ ಈ ಕಡಲನ್ನು ಆಳಿದ ಉತ್ತರದ ನಾವಿಕರ ನುಡಿಯಲ್ಲಿ ‘ಲುಂಡಿ’ ಎಂದರೆ ಪಫಿನ್ ಹಕ್ಕಿ, ‘ಎಯ್’ ಎಂದರೆ ದ್ವೀಪ. ಪಫಿನ್ನುಗಳ ದ್ವೀಪವೇ ಲಂಡಿಯಾಯಿತು. ಅಲ್ಲಿ ಕಾಯಂ ಆಗಿ ವಾಸಿಸುವವರು ಮೂವತ್ತು ಮಂದಿಯಷ್ಟು. ಒಂದು ಚರ್ಚು, ಒಂದು ಅಂಗಡಿ, ಒಂದು ಭೋಜನಗೃಹ. ಡಾಂಬರು ರಸ್ತೆ, ವಾಹನಗಳ ಗದ್ದಲ ಇಲ್ಲವೇ ಇಲ್ಲ.

ಇಳಿಜಾರಿನ ಹಳದಿ

ದಕ್ಕೆಯಿಂದ ದ್ವೀಪದ ಮೇಲಣ ಬಯಲಿಗೆ ಹೋಗಲು ಬೆಟ್ಟದ ಮಗ್ಗುಲನ್ನು ಕಡಿದು ಮಾಡಿದ ಏರುದಾರಿಯೊಂದಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸಡಿಲವಾದ ಪದರಗಲ್ಲಿನ ಗೋಡೆ. ಏರುಸಿರು ಬಿಡುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ಸಾಗಿದ್ದೆವು. ಮೊಮ್ಮಗಳು ಮುಂದೆ ಓಡಿದ್ದಳು. “ಅಜ್ಜಾ, ಇಲ್ಲೇ ಅದ ನಿನ್ನ ಹೂವು!” ಎಂದು ಅವಳು ಕೂಗಿದಾಗ ನನಗೆ ನಂಬಿಕೆಯಾಗಲಿಲ್ಲ. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಗಿಡವೆಂದರೆ ಯಾವುದೋ ಗುಹೆಯ ಬಾಯಲ್ಲಿ, ಕೋಡುಗಲ್ಲಿನ ತುದಿಯಲ್ಲಿ ಅಡಗಿರಬೇಕೆಂದು ನಾನು ಭಾವಿಸಿದ್ದೆ. ಅದು ದಾರಿಯ ಪಕ್ಕದಲ್ಲಿಯೇ, ಬರುವವರನ್ನು ಎದುರುಗೊಳ್ಳಲು ನಿಂತ ಮನೆಯಾಕೆಯಂತೆ ಅರಳಿ ನಿಂತಿತ್ತು.

ಸೊಂಟದೆತ್ತರದ ಗಿಡ. ಕಾಂಡದ ಮೇಲೂ ಎಲೆಗಳ ಮೇಲೂ ಒರಟಾದ ರೋಮ. ಬುಡದಲ್ಲಿ ಸೀಳುಸೀಳಾದ ದೊಡ್ಡ ಎಲೆಗಳ ಗುಂಪು. ತುದಿಯಲ್ಲಿ ಗೊಂಚಲು ಗೊಂಚಲಾಗಿ ತಿಳಿಹಳದಿಯ ಹೂಗಳು. ನಾಲ್ಕು ಎಸಳು, ಆರು ಕೇಸರ, ನಾನು ಕರಿಹಲಗೆಯ ಮೇಲೆ ಬರೆದು ಅಳಿಸುತ್ತಿದ್ದ ಅದೇ ಚಿತ್ರ. ಕೆಳಗಿನ ಹೂಗಳು ಆಗಲೇ ಉದುರಿ, ಕೊಕ್ಕಿನಂತಹ ತುದಿಯುಳ್ಳ ನೀಳವಾದ ಕಾಯಿಗಳು ಕಟ್ಟಿದ್ದವು. ಕಡಲಿನ ನೀಲಿಯ ಮುಂದೆ ಆ ಹಳದಿಯನ್ನು ಕಂಡಾಗ ನಮ್ಮ ಎರೆಹೊಲದ ಬದುವಿನಲ್ಲಿ ಕುಸುಬೆ ಅರಳಿ ನಿಂತ ಕಾಲದ ನೆನಪಾಯಿತು.

ಮೊಮ್ಮಗಳು ಒಂದು ಹೂವಿಗೆ ಕೈಚಾಚಿದಳು. ಮೇಲಿನಿಂದ ಇಳಿದು ಬರುತ್ತಿದ್ದ ತರುಣಿಯೊಬ್ಬಳು ನಗುತ್ತಲೇ, ಆದರೆ ಖಚಿತವಾದ ದನಿಯಲ್ಲಿ, “ನೋಡು, ಮೂಸು, ಕೀಳಬೇಡ ಮಗು” ಎಂದಳು. ದ್ವೀಪದ ನಿಸರ್ಗವನ್ನು ಕಾಯುವ ಸಿಬ್ಬಂದಿಯಲ್ಲಿ ಅವಳೂ ಒಬ್ಬಳು. ಬ್ರಿಟನ್ನಿನಲ್ಲಿ 1981ರಲ್ಲಿ ಬಂದ ವನ್ಯಜೀವಿ ಕಾಯ್ದೆಯು ವಿಶೇಷ ರಕ್ಷಣೆ ನೀಡಿದ ಸಸ್ಯಗಳ ಪಟ್ಟಿಯಲ್ಲಿ ಈ ಗಿಡವೂ ಇದೆ. ಅದನ್ನು ಬೇಕೆಂದೇ ಕೀಳುವುದು, ಕಡಿಯುವುದು ಅಪರಾಧ. ಧಾರವಾಡದ ನಮ್ಮ ಮನೆಯಂಗಳದಲ್ಲಿ ದಿನವೂ ನಸುಕಿನಲ್ಲೆದ್ದು ಪೂಜೆಗೆ ಹೂವೆತ್ತುವ ನನ್ನ ಶ್ರೀಮತಿಗೆ ಇದು ಮೊದಲು ಸೋಜಿಗವೆನಿಸಿತು. ಮಗಳು ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಅವಳು ಆ ಹೂವಿನೆದುರು ಒಂದು ಕ್ಷಣ ನಿಂತು, “ಗಿಡದ ಮ್ಯಾಲ ಇದ್ದರೂ ಅದು ಕೊಟ್ಟಂಗನ ಬಿಡವಾ” ಎಂದಳು. ಆ ಮಾತಿಗೆ ನಾನು ಏನನ್ನೂ ಕೂಡಿಸಲಾರೆ.

ಆ ತರುಣಿಯೇ ಒಂದು ಎಲೆಯ ಮೇಲೆ ಚುಚ್ಚಿದಂತೆ ಕಾಣುತ್ತಿದ್ದ ಸಣ್ಣ ತೂತುಗಳನ್ನು ನಮಗೆ ತೋರಿಸಿದಳು. ಗಿಡಕ್ಕೆ ರೋಗ ತಗಲಿತೇನೋ ಎಂದು ನಾನು ಕೇಳಿದೆ. ರೋಗವಲ್ಲ, ಇದು ಬಾಡಿಗೆದಾರನ ಗುರುತು ಎಂದು ಅವಳು ಉತ್ತರಿಸಿದಳು.

ಮನೆಗಿಂತ ಮೊದಲು ಹೆಸರಾದ ಬಾಡಿಗೆದಾರ

ಸಾಸಿವೆಯ ಬಳಗಕ್ಕೆ ಸ್ವಂತದ್ದೊಂದು ಆಯುಧವಿದೆ. ಎಲೆಯೊಳಗೆ ಎರಡು ವಸ್ತುಗಳು ಬೇರೆಬೇರೆ ಕೋಣೆಗಳಲ್ಲಿ ಇರುತ್ತವೆ. ಹುಳುವೊಂದು ಎಲೆಯನ್ನು ಕಡಿದೊಡನೆ ಅವೆರಡೂ ಕೂಡಿ, ಮೂಗಿಗೆ ಏರುವ ಖಾರದ ಘಾಟು ಹುಟ್ಟುತ್ತದೆ. ಸಾಸಿವೆಯನ್ನು ಅರೆದಾಗ ಕಣ್ಣಲ್ಲಿ ನೀರು ಬರುವುದು ಇದರಿಂದಲೇ. ಹೆಚ್ಚಿನ ಹುಳುಗಳು ಈ ಘಾಟಿಗೆ ಹೆದರಿ ದೂರ ಸರಿಯುತ್ತವೆ. ಆದರೆ ಕೆಲವು ಕೀಟಗಳು ಅದನ್ನು ಅರಗಿಸಿಕೊಳ್ಳಲು ಕಲಿತು, ಆ ವಾಸನೆಯನ್ನೇ ಮನೆಯ ವಿಳಾಸ ಮಾಡಿಕೊಂಡಿವೆ.

ಲಂಡಿಯ ಕಾಡುಕೋಸಿನಲ್ಲಿ ಇಂತಹ ಒಂದು ಪುಟ್ಟ ದುಂಬಿ ವಾಸಿಸುತ್ತದೆ. ಎಳ್ಳಿನ ಕಾಳಿಗಿಂತ ತುಸು ದೊಡ್ಡದು. ಕಂಚಿನ ಹೊಳಪು ಮೈ. ಬೆರಳು ತಗಲಿದರೆ ಚಿಗಟದಂತೆ ಜಿಗಿದು ಮಾಯವಾಗುತ್ತದೆ. ಅದರ ಮರಿಹುಳು ಎಲೆಯ ತೊಟ್ಟನ್ನು ಕೊರೆದು ಅದರೊಳಗೆ ಬೆಳೆಯುತ್ತದೆ. ಈ ದುಂಬಿ ಲಂಡಿಯನ್ನು ಬಿಟ್ಟರೆ ಲೋಕದಲ್ಲಿ ಮತ್ತೆಲ್ಲಿಯೂ ಇಲ್ಲ. ಇದರ ಜೊತೆಗೆ, ಬೇರೆಡೆಯ ನೆಂಟರಿಗಿಂತ ಕಾಲುಗಳ ಬಣ್ಣ ತಿಳಿಯಾಗಿರುವ ಸೊಂಡಿಲುಕೀಟವೊಂದೂ ಈ ಗಿಡವನ್ನು ಆಶ್ರಯಿಸಿದೆ. ಒಂದೇ ನೆಲೆಯ ಗಿಡ, ಆ ಗಿಡವನ್ನೇ ನೆಚ್ಚಿದ, ಬೇರೆಲ್ಲಿಯೂ ಇಲ್ಲದ ಕೀಟ: ಇಂತಹ ಜೋಡಿ ಇಡೀ ಬ್ರಿಟನ್ನಿನಲ್ಲಿ ಇನ್ನೊಂದಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ವಿಜ್ಞಾನಿಗಳು ಈ ದುಂಬಿಗೆ ಹೆಸರಿಟ್ಟದ್ದು 1864ರಲ್ಲಿ. ಅದು ವಾಸಿಸುವ ಗಿಡಕ್ಕೆ ತನ್ನದೇ ಹೆಸರು ಬಂದದ್ದು 1936ರಲ್ಲಿ, ಎಂದರೆ ಎಪ್ಪತ್ತೆರಡು ವರ್ಷಗಳ ಬಳಿಕ. ಅಲ್ಲಿಯವರೆಗೆ ಇದನ್ನು ಬ್ರಿಟನ್ನಿನ ಪಶ್ಚಿಮ ಕರಾವಳಿಯ ಮರಳುದಿಬ್ಬಗಳಲ್ಲಿ ಬೆಳೆಯುವ ಇನ್ನೊಂದು ಕಾಡುಕೋಸಿನ ಒಂದು ರೂಪವೆಂದೇ ಎಣಿಸಿದ್ದರು. ಅದು ಬೇರೆಯೇ ಎಂದು ಪಟ್ಟು ಹಿಡಿದವರು ಡಾ. ಎಲಿಸ್ಟನ್ ರೈಟ್ ಎಂಬ ವೈದ್ಯರು. ಅವರು ಎದುರು ಕರಾವಳಿಯ ಬ್ರಾಂಟನ್ ಎಂಬ ಊರಿನಲ್ಲಿ ರೋಗಿಗಳ ನಾಡಿ ಹಿಡಿಯುತ್ತಲೇ ಸುತ್ತಲಿನ ಗಿಡಮೂಲಿಕೆ, ಹುಳುಹುಪ್ಪಟೆಗಳನ್ನು ಅಭ್ಯಾಸ ಮಾಡಿದವರು. ಜರ್ಮನಿಯ ಸಸ್ಯವಿಜ್ಞಾನಿ ಓ. ಇ. ಶುಲ್ಟ್ಸ್ ಅದನ್ನು ಹೊಸ ಜಾತಿಯೆಂದು ಒಪ್ಪಿ, ಆ ವೈದ್ಯರ ಹೆಸರನ್ನೇ ಇಟ್ಟರು. ಇಂದು ಅದರ ಶಾಸ್ತ್ರೀಯ ನಾಮ ‘ಕೋಯಿನ್ಸಿಯಾ ರೈಟೈ’. ದೊಡ್ಡ ವಿಶ್ವವಿದ್ಯಾಲಯದ ಪಂಡಿತರಲ್ಲ, ನೆರೆಯೂರಿನ ಒಬ್ಬ ವೈದ್ಯರು ಮತ್ತೆ ಮತ್ತೆ ಹೋಗಿ ನೋಡಿದ್ದರಿಂದ ಈ ಗಿಡ ಬೆಳಕಿಗೆ ಬಂತು. ಹತ್ತಿರದವರು ಗಮನವಿಟ್ಟು ನೋಡದಿದ್ದರೆ ದೂರದವರಿಗೆ ಏನು ಕಂಡೀತು?

ಅಂದಕ್ಕೆ ತಂದ ಗಿಡ

ಏರುದಾರಿ ಮುಗಿಯುವಲ್ಲಿ ಮಿಲ್‌ಕೂಂಬ್ ಎಂಬ ತಗ್ಗು. ಅಲ್ಲೊಂದು ದೊಡ್ಡ ಬಿಳಿಯ ಬಂಗಲೆ. 1830ರ ದಶಕದಲ್ಲಿ ಈ ದ್ವೀಪವನ್ನು ಕೊಂಡ ವಿಲಿಯಂ ಹಡ್ಸನ್ ಹೆವನ್ ಎಂಬ ಶ್ರೀಮಂತ ಕಟ್ಟಿಸಿದ್ದು. ಜಮೈಕಾದಲ್ಲಿ ಅವನಿಗೆ ಕಬ್ಬಿನ ತೋಟಗಳಿದ್ದವು. ಗುಲಾಮಗಿರಿ ರದ್ದಾದಾಗ ಸರಕಾರವು ಒಡೆಯರಿಗೆ ಪರಿಹಾರಧನ ಕೊಟ್ಟಿತು. ದುಡಿದ ಗುಲಾಮರಿಗೆ ಏನೂ ಸಿಗಲಿಲ್ಲ. ಆ ಹಣದಿಂದ ಈ ದ್ವೀಪ ಅವನ ಕೈಸೇರಿತು. ಇಂಗ್ಲಿಷಿನಲ್ಲಿ ‘ಹೆವನ್’ ಎಂದರೆ ಸ್ವರ್ಗ. ಜನ ಲಂಡಿಯನ್ನು ‘ಸ್ವರ್ಗದ ರಾಜ್ಯ’ ಎಂದು ನಗೆಯಾಡುತ್ತಿದ್ದರು.

ಹೆವನ್ ಕುಟುಂಬದವರ ಕಾಲದಲ್ಲಿ ಈ ದ್ವೀಪಕ್ಕೆ ರೋಡೋಡೆಂಡ್ರಾನ್ ಬಂದಿತು. ಕಪ್ಪುಸಮುದ್ರದ ದಂಡೆ, ಸ್ಪೇನ್ ಕಡೆಯ ಈ ಪೊದೆಯ ನೆಂಟರು ನಮ್ಮ ನೀಲಗಿರಿಯಲ್ಲಿಯೂ ಹಿಮಾಲಯದಲ್ಲಿಯೂ ಉಂಟು. ವರ್ಷವಿಡೀ ಹಸಿರೆಲೆ, ಬೇಸಿಗೆ ಬಂದರೆ ನೇರಳೆ ಬಣ್ಣದ ಗೊಂಚಲುಗಳು. ಗಾಳಿಯಿಂದ ಬಂಗಲೆಗೆ ಮರೆ, ಕಣ್ಣಿಗೆ ಹಬ್ಬ, ಇನ್ನೇನು ಬೇಕು? ಆದರೆ ಅದರ ಬೀಜಗಳು ಹಿಟ್ಟಿನಂತೆ ಸಣ್ಣವು, ಗಾಳಿಯಲ್ಲಿ ತೇಲುವಂತಹವು. ಎಲೆ ವಿಷ, ಆಡು ಕುರಿಗಳು ಮುಟ್ಟುವುದಿಲ್ಲ. ಒಂದೊಂದು ಪೊದೆಯೂ ಹಬ್ಬಿ ಇನ್ನೊಂದನ್ನು ಕೂಡಿದಾಗ ಅದರ ಅಡಿಯಲ್ಲಿ ಹುಲ್ಲುಕಡ್ಡಿಗೂ ಬೆಳಕಿಲ್ಲ. ಹೀಗೆ ಅದು ಹಬ್ಬಿದ್ದು ದ್ವೀಪದ ಯಾವ ಕಡೆಗೆ? ಮೂಡಣ ಮಗ್ಗುಲಿಗೆ, ಕಾಡುಕೋಸಿನ ಏಕೈಕ ನೆಲೆಗೆ.

ಕಾಡುಕೋಸಿನ ಸ್ವಭಾವವೇ ಬೇರೆ. ಅದು ಜಗಳಗಂಟಿಯಲ್ಲ. ಕುಸಿದ ಮಣ್ಣು, ಬರಿದಾದ ಕಲ್ಲಿನ ಸಂದು, ಯಾರಿಗೂ ಬೇಡವಾದ ತೆರವು ಜಾಗ. ಅಂತಹ ಕಡೆ ಬೇರೂರಿ, ಕೆಲವೇ ವರ್ಷ ಬಾಳಿ, ಬೀಜ ಉದುರಿಸಿ ಹೋಗುತ್ತದೆ. ಬೆಳಕು ಕದ್ದವರೊಡನೆ ಹೋರಾಡುವ ಶಕ್ತಿ ಅದಕ್ಕಿಲ್ಲ. ಒಂದು ಕಡೆ ಆಡು, ಮೊಲ, ಜಿಂಕೆಗಳ ಬಾಯಿ. ಇನ್ನೊಂದು ಕಡೆ ಪರದೇಶದ ಪೊದೆಯ ನೆರಳು. ಗಿಡ ಅಳಿದರೆ ಅದರೊಂದಿಗೆ ದುಂಬಿಯೂ ಅಳಿಯಬೇಕು; ಅದಕ್ಕೆ ಬೇರೆ ಮನೆಯಿಲ್ಲ.

ಈ ಸಂಗತಿ ತಿಳಿದವರು ಕೈಕಟ್ಟಿ ಕೂರಲಿಲ್ಲ. 1969ರಲ್ಲಿ ಜ್ಯಾಕ್ ಹೇವರ್ಡ್ ಎಂಬ ದಾನಿ ನೀಡಿದ ಒಂದೂವರೆ ಲಕ್ಷ ಪೌಂಡುಗಳಿಂದ ದ್ವೀಪವು ‘ನ್ಯಾಷನಲ್ ಟ್ರಸ್ಟ್’ ಎಂಬ ಸಾರ್ವಜನಿಕ ದತ್ತಿಸಂಸ್ಥೆಯ ಒಡೆತನಕ್ಕೆ ಬಂತು. ನಿರ್ವಹಣೆ ‘ಲ್ಯಾಂಡ್‌ಮಾರ್ಕ್ ಟ್ರಸ್ಟ್’ನದಾಯಿತು. ರೋಡೋಡೆಂಡ್ರಾನನ್ನು ಕಡಿಯುವ ಕೆಲಸ ವರ್ಷಗಟ್ಟಲೆ ನಡೆಯಿತು. ಸಿಬ್ಬಂದಿಯ ಜೊತೆಗೆ ಸ್ವಯಂಸೇವಕರು ರಜೆ ಹಾಕಿ ಬಂದು ಗರಗಸ ಹಿಡಿದರು. ಕಡಿದಾದ ಬಂಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿದು ಕಡಿದರು. ಬೊಡ್ಡೆಗಳು ಮತ್ತೆ ಚಿಗುರಿದವು, ಮತ್ತೆ ಕಡಿದರು. ಲೀಡ್ಸ್ ವಿಶ್ವವಿದ್ಯಾಲಯದ ಸ್ಟೀಫನ್ ಕಾಂಪ್ಟನ್, ಕೀಟತಜ್ಞ ರೋಜರ್ ಕೀ ಮೊದಲಾದವರು 1990ರ ದಶಕದಿಂದ ವರ್ಷವರ್ಷವೂ ಬಂದು ಹೂಬಿಟ್ಟ ಕಾಡುಕೋಸುಗಳನ್ನು ಎಣಿಸಿದರು. ಒಂದು ವರ್ಷ ಕೆಲವೇ ನೂರು, ಇನ್ನೊಂದು ವರ್ಷ ಸಾವಿರಾರು. ಮೊಲಗಳು ಹೆಚ್ಚಿದರೆ ಗಿಡ ಇಳಿಮುಖ, ಮೊಲಗಳಿಗೆ ರೋಗ ಬಂದರೆ ಗಿಡ ಏರುಮುಖ. ಏರಿಳಿತಗಳ ಕಾರಣ ಹೀಗೆ ಎಣಿಸಿದ್ದರಿಂದಲೇ ತಿಳಿಯಿತು. ಪೊದೆ ತೆಗೆದ ಬರಿನೆಲದಲ್ಲಿ ಕಾಡುಕೋಸಿನ ಎಳೆಯ ಸಸಿಗಳು ತಲೆಯೆತ್ತಿದವು. ನೆರಳಿನಡಿಯಲ್ಲಿ ಹೂತುಹೋಗಿದ್ದ ಬೀಜಗಳು ಬೆಳಕಿಗಾಗಿ ಕಾದಿದ್ದವು.

ಆ ತರುಣಿ ನಮಗೆ ವಿದಾಯ ಹೇಳುವಾಗ ಅವಳ ಚೀಲದಿಂದ ಬೆರಳುದ್ದದ ಸಸಿಯೊಂದನ್ನು ತೆಗೆದು ತೋರಿಸಿದಳು. ಅಂದು ಬೆಳಿಗ್ಗೆ ಕಿತ್ತ ರೋಡೋಡೆಂಡ್ರಾನ್ ಮರಿ. “ದೊಡ್ಡ ಪೊದೆಗಳು ಹೋದವು. ಆದರೆ ಮಣ್ಣಿಗೆ ಬಿದ್ದ ಬೀಜ ಇನ್ನೂ ಇದೆ. ನಾವು ಪ್ರತಿವರ್ಷ ಹುಡುಕಿ ಕೀಳುತ್ತಲೇ ಇರಬೇಕು” ಎಂದಳು. ಅವಳ ವಯಸ್ಸು ಇಪ್ಪತ್ತೈದು ದಾಟಿರಲಾರದು. ಅವಳ ಮುತ್ತಜ್ಜಿಗಿಂತ ಹಿಂದಿನವರು ಸೊಬಗಿಗೆಂದು ನೆಟ್ಟ ಗಿಡದ ಕೊನೆಯ ಕುಡಿಗಳನ್ನು ಅವಳು ಬಾಗಿ ಬಾಗಿ ಕೀಳುತ್ತಿದ್ದಳು.

ಹಕ್ಕಿಯ ನಾಣ್ಯ, ಕೊಹಿಮಾದ ನೆನಪು

ಮಧ್ಯಾಹ್ನ ಹುಲ್ಲುಗಾವಲಿನಲ್ಲಿ ಕುಳಿತು ಕಟ್ಟಿ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡೆವು. ಹಡಗಿನ ಗೆಳತಿಯೂ ನಮ್ಮೊಡನೆ ಒಂದು ತುತ್ತು ತಿಂದು ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಂಡರು. ಬಳಿಕ ಪಡುವಣ ಬಂಡೆಗಳ ಕಡೆಗೆ ನಡೆದೆವು. ಜೆನ್ನಿ ಕೊಲ್ಲಿಯೆಂಬಲ್ಲಿ ಮೊಮ್ಮಗಳ ಆಸೆಯೂ ಕೈಗೂಡಿತು. ಬಿಲಗಳ ಬಾಯಲ್ಲಿ ನಿಂತ ಪಫಿನ್ನುಗಳನ್ನು ಅವಳು ದುರ್ಬೀನಿನಲ್ಲಿ ನೋಡಿದ್ದೇ ನೋಡಿದ್ದು. ಹಡಗುಗಳೊಂದಿಗೆ ಬಂದ ಇಲಿಗಳು ಮೊಟ್ಟೆ ಮರಿಗಳನ್ನು ತಿಂದು, 2000ದ ಇಸವಿಯ ಹೊತ್ತಿಗೆ ಪಫಿನ್ನುಗಳ ದ್ವೀಪದಲ್ಲಿ ಉಳಿದಿದ್ದ ಪಫಿನ್ನುಗಳು ಕೇವಲ 13. 2002ರಿಂದ 2004ರವರೆಗೆ ಇಲಿಗಳನ್ನು ನಿರ್ಮೂಲ ಮಾಡಿ, 2006ರಲ್ಲಿ ದ್ವೀಪವು ಇಲಿಮುಕ್ತವೆಂದು ಸಾರಿದರು. 2019ರಲ್ಲಿ 375 ಇದ್ದ ಪಫಿನ್ನುಗಳು ನಾವು ಹೋದ 2023ರಲ್ಲಿ 1,300ನ್ನು ದಾಟಿದ್ದವು.

ಕಡಲಿಗೆ ಮರಳುವ ಮುನ್ನ ಮೂಡಣ ಮಗ್ಗುಲಿನ ಹಳೆಯ ಕಲ್ಲುಗಣಿಗಳನ್ನು ನೋಡಹೋದೆವು. ಗ್ರಾನೈಟ್ ತೆಗೆಯಲೆಂದು 1863ರಲ್ಲಿ ಆರಂಭವಾದ ಕಂಪನಿ ಐದೇ ವರ್ಷಗಳಲ್ಲಿ ಮುಚ್ಚಿಹೋಯಿತಂತೆ. ಅವುಗಳಲ್ಲಿ ಒಂದು ಗಣಿಯ ಮೌನದಲ್ಲಿ ಒಂದು ಸ್ಮಾರಕವಿದೆ. ಅದರ ಮೇಲೆ ‘ಕೊಹಿಮಾ’ ಎಂಬ ಹೆಸರನ್ನು ಓದಿದಾಗ ನಾನು ಬೆರಗಾಗಿ ನಿಂತೆ.

1925ರಲ್ಲಿ ದ್ವೀಪವನ್ನು ಕೊಂಡವನು ಮಾರ್ಟಿನ್ ಕೋಲ್ಸ್ ಹಾರ್ಮನ್. ತನ್ನನ್ನು ತಾನೇ ಒಡೆಯನೆಂದು ಬಗೆದು, 1929ರಲ್ಲಿ ‘ಪಫಿನ್’ ಎಂಬ ಹೆಸರಿನ ನಾಣ್ಯಗಳನ್ನು ಹೊರಡಿಸಿ, ನ್ಯಾಯಾಲಯದಲ್ಲಿ ಐದು ಪೌಂಡು ದಂಡ ತೆತ್ತವನು. ಇಂದಿನ ಜಿಂಕೆಗಳನ್ನೂ ಕುದುರೆಗಳನ್ನೂ ದ್ವೀಪಕ್ಕೆ ತಂದವನೂ ಅವನೇ. ಅವನ ಮಗ ಜಾನ್ ಹಾರ್ಮನ್ ಈ ಬಂಡೆಗಳ ನಡುವೆ ಆಡಿ ಬೆಳೆದ. ಎರಡನೆಯ ಮಹಾಯುದ್ಧದಲ್ಲಿ ಸಾಮಾನ್ಯ ಸೈನಿಕನಾಗಿ ನಮ್ಮ ದೇಶಕ್ಕೆ ಬಂದು, 1944ರ ಏಪ್ರಿಲ್‌ನಲ್ಲಿ ನಾಗಾ ಬೆಟ್ಟಗಳ ಕೊಹಿಮಾದ ಕಾಳಗದಲ್ಲಿ ಮಡಿದ. ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪದಕ ಸಂದಿತು. ಅವನ ದೇಹ ಕೊಹಿಮಾದ ಮಣ್ಣಿನಲ್ಲಿದೆ. ನೆನಪಿನ ಕಲ್ಲು ಅವನ ಬಾಲ್ಯದ ಗಣಿಯಲ್ಲಿದೆ. ಹುಟ್ಟಿದ ನೆಲವನ್ನು ಬಿಟ್ಟು ಎಲ್ಲೆಲ್ಲಿಗೋ ಹೋಗುವ ಮನುಷ್ಯರು, ಹುಟ್ಟಿದ ಬಂಡೆಯನ್ನು ಬಿಟ್ಟರೆ ಬದುಕಿಲ್ಲದ ಹೂವು. ಮಗಳು ನನ್ನ ಪಕ್ಕದಲ್ಲಿ ನಿಂತಿದ್ದಳು. “ಅಪ್ಪಾ, ಹಡಗಿಗೆ ಹೊತ್ತಾತು” ಎಂದು ಮೆಲ್ಲಗೆ ಕೈಹಿಡಿದಳು.

ನಮ್ಮ ಹಳ್ಳದ ದಂಡೆ

ಹಡಗಿನ ಹಿಂಬದಿಯಲ್ಲಿ ಕುಳಿತು ದೂರವಾಗುತ್ತಿದ್ದ ದ್ವೀಪವನ್ನು ನೋಡುತ್ತಿದ್ದಾಗ ನನ್ನ ಮನಸ್ಸು ಕೊಪ್ಪಳ ಸೀಮೆಯ ನಮ್ಮ ಹಳ್ಳಿಗೆ ಹೋಗಿತ್ತು. ಅಲ್ಲಿ ನಮ್ಮ ಹಿರಿಯರ ಹೊಲವಿದೆ. ಹೊಲದ ಅಂಚಿಗೆ ಹಳ್ಳವಿದೆ. ನಾನು ಚಿಕ್ಕವನಿದ್ದಾಗ ತಂದೆಯವರು ಆ ಅಂಚಿನುದ್ದಕ್ಕೂ ಬಳ್ಳಾರಿ ಜಾಲಿಯ ಬೀಜ ಹಾಕಿಸಿದರು. ದನಕರುಗಳು ಬೆಳೆಗೆ ನುಗ್ಗದಂತೆ ಬೇಲಿ, ಒಲೆಗೆ ಕಟ್ಟಿಗೆ. ಬರಗಾಲದ ಸೀಮೆಯಲ್ಲಿ ನೀರು ಕೇಳದೆ ಬೆಳೆಯುವ ಮರ ವರವೆನಿಸಿತ್ತು. ಅವರ ಎಣಿಕೆಯಲ್ಲಿ ತಪ್ಪಿರಲಿಲ್ಲ. ಈ ಜಾಲಿಯೂ ಪರದೇಶದ್ದೇ. 1877ರಲ್ಲಿ ಅದರ ಬೀಜವನ್ನು ಕಡಪಾ ಸೀಮೆಗೆ ತರಿಸಿದ್ದು ಜಮೈಕಾದಿಂದ ಎಂದು ಓದಿದ್ದೆ. ಲಂಡಿಯನ್ನು ಕೊಂಡ ಹಣವೂ ಆ ಜಮೈಕಾದ್ದೇ ಎಂಬುದು ನೆನಪಾಗಿ ಮೈ ಜುಮ್ಮೆಂದಿತು.

ತಂದೆಯವರು ಇರುವವರೆಗೆ ವರ್ಷಕ್ಕೊಮ್ಮೆ ಜಾಲಿಯನ್ನು ಸವರಿಸಿ ಹದ್ದಿನಲ್ಲಿಟ್ಟಿದ್ದರು. ಅವರ ಬಳಿಕ ನಾನು ನೌಕರಿಯ ನೆಪದಲ್ಲಿ ಹೊಲವನ್ನು ಪಾಲಿಗೆ ಕೊಟ್ಟು ಧಾರವಾಡದಲ್ಲಿ ಉಳಿದೆ. ಬೇಲಿ ಹೊಲದೊಳಗೆ ನಡೆದು ಬಂತು. ಹಳ್ಳದ ದಂಡೆ ಮುಳ್ಳಿನ ಕಾಡಾಯಿತು. ನನ್ನ ತಾಯಿ ತುಂಬೆ ಹೂ ಬಿಡಿಸುತ್ತಿದ್ದ ಜಾಗಕ್ಕೆ ನಾಯಿಯೂ ನುಸುಳದಂತಾಯಿತು. ಊರಿಗೆ ಹೋದಾಗಲೆಲ್ಲ ಕಾಲದ ಮಹಿಮೆಯೆಂದು ನಿಟ್ಟುಸಿರಿಟ್ಟು ಮರಳುತ್ತಿದ್ದೆ. ನೆಟ್ಟವರದು ತಪ್ಪಲ್ಲ, ನೋಡಿಯೂ ನೋಡದಂತೆ ಬಂದವನದು ತಪ್ಪೆಂಬುದು ಆ ತರುಣಿಯ ಕೈಯಲ್ಲಿದ್ದ ಬೆರಳುದ್ದದ ಸಸಿಯನ್ನು ಕಂಡ ಮೇಲೆ ನನಗೆ ಹೊಳೆಯಿತು.

2024ರ ಬೇಸಿಗೆಯಲ್ಲಿ ಯಂತ್ರ ತರಿಸಿ ಜಾಲಿಯನ್ನು ಬೇರುಸಹಿತ ಕೀಳಿಸಿದೆ. ಕಟ್ಟಿಗೆಯನ್ನು ಊರವರೇ ಒಯ್ದರು. ಮುಂಗಾರು ಬಿದ್ದ ಮೇಲೆ ಹೋಗಿ ನೋಡಿದರೆ ಬರಿನೆಲದಲ್ಲಿ ಹುಲ್ಲು, ಉತ್ತರಾಣಿ, ಅಲ್ಲಲ್ಲಿ ತುಂಬೆ. ನಡುವೆ ಮೊಳಕಾಲೆತ್ತರದ ಒಂದು ಗಿಡದ ತುದಿಯಲ್ಲಿ ನಾಲ್ಕು ಹಳದಿ ಎಸಳು. ನಾಯಿಸಾಸಿವೆ. ಶಾಸ್ತ್ರದ ಪ್ರಕಾರ ಅದು ಸಾಸಿವೆಯ ಮನೆತನದ್ದಲ್ಲ, ನೆರೆಮನೆಯದು. ಅದು ಅಪರೂಪದ ಗಿಡವೂ ಅಲ್ಲ. ಎಲ್ಲ ಬಯಲುಗಳಲ್ಲಿಯೂ ಬೆಳೆಯುವಂತಹದು. ಆದರೂ ಅದರ ಮುಂದೆ ನಾನು ಲಂಡಿಯ ದಾರಿಯಲ್ಲಿ ನಿಂತಷ್ಟೇ ಹೊತ್ತು ನಿಂತೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಉಳಿದ ಬೇರುಗಳಿಂದ ಚಿಗುರು ಬಂತು, ಬೀಜದಿಂದ ಹೊಸ ಸಸಿಗಳು ಬಂದವು. ಈಗ ಮಳೆಗಾಲ ಮುಗಿದೊಡನೆ ನಾನೂ ಪಾಲಿಗೆ ಮಾಡುವವರ ಮಕ್ಕಳೂ ಕುಡುಗೋಲು, ಗುದ್ದಲಿ ಹಿಡಿದು ದಂಡೆಯುದ್ದಕ್ಕೂ ಹೋಗುತ್ತೇವೆ. ಕಿತ್ತ ಸಸಿಗಳ ಲೆಕ್ಕವನ್ನು ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದೇನೆ. ಒಂದು ತಲೆಮಾರು ನೆಟ್ಟದ್ದನ್ನು ಕೀಳಲು ಒಂದು ದಿನ ಸಾಲದು. ಬಹುಶಃ ಒಂದು ತಲೆಮಾರೇ ಬೇಕು.

ಲಂಡಿಯಲ್ಲಿ 1929ರಿಂದ ಅವರದೇ ಅಂಚೆಚೀಟಿಗಳಿವೆ. ಅವುಗಳ ಬೆಲೆಯನ್ನೂ ಪಫಿನ್ನುಗಳಲ್ಲಿಯೇ ಎಣಿಸುತ್ತಾರೆ. ಅಂದು ಮೊಮ್ಮಗಳು ಅಂತಹ ಚೀಟಿ ಹಚ್ಚಿ ನಮ್ಮ ಧಾರವಾಡದ ವಿಳಾಸಕ್ಕೆ ಒಂದು ಕಾರ್ಡು ಹಾಕಿದ್ದಳು. ನಾವು ಮನೆಗೆ ಮರಳಿದಾಗ ಅದು ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ನನ್ನ ಶ್ರೀಮತಿ ಕಲಿಸಿದ ಕನ್ನಡ ಅಕ್ಷರಗಳಲ್ಲಿ, ಒತ್ತಕ್ಷರಗಳು ಹಿಂದುಮುಂದಾಗಿ, ಒಂದೇ ಸಾಲು: “ಅಜ್ಜಾ, ನಾ ಹೂ ಕಿತ್ತಿಲ್ಲ.” ಆ ಕಾರ್ಡು ಹಾಜರಿ ಪುಸ್ತಕದೊಳಗೇ ಇದೆ.